ಲೇಬಲ್ಲಿನಡಿಯ ಕುಂಕುಮ

2025ರ ಅಕ್ಟೋಬರ್ 6, ಸೋಮವಾರ, ಬೆಳಿಗ್ಗೆ 9.40. ಮಂಡ್ಯದ ಠಾಣೆಗೆ ಬಂದ ದೂರುದಾರರ ಕೈಯಲ್ಲಿ ಹೆಬ್ಬೆರಳುದ್ದದ ಒಂದು ಗಾಜಿನ ಸೀಸೆ ಇತ್ತು. ಸರಗಳ್ಳತನ, ಬದುವಿನ ಜಗಳ, ಕಾಣೆಯಾದ ಮೇಕೆ ಎಲ್ಲವನ್ನೂ ಕಂಡಿದ್ದ ಇನ್ಸ್‌ಪೆಕ್ಟರ್ ಅರ್ಪಿತಾಗೆ ಸೀಸೆಯ ಕೇಸು ಇದೇ ಮೊದಲು.

ಬಂದವರು ನಗರದ ಖಾಸಗಿ ಆಸ್ಪತ್ರೆಯೊಂದರ ಡಾ. ರಘುನಂದನ್. ರಕ್ತನಾಳದೊಳಗೆ ತೆಳು ನಳಿಕೆ ತೂರಿಸಿ, ಮರಳಿಗಿಂತ ಸಣ್ಣ ಕಣಗಳನ್ನು ಬಿಟ್ಟು, ಗಡ್ಡೆಗಳಿಗೆ ಹರಿಯುವ ರಕ್ತವನ್ನು ನಿಲ್ಲಿಸುವುದು ಅವರ ಕೆಲಸ.

“ನಾಲೆ ತೂಬು ಮುಚ್ದಂಗೆ,” ಅಂದ ಹೆಡ್ ಕಾನ್‌ಸ್ಟೇಬಲ್ ಜವರಯ್ಯ.

“ಹಾಗೇ. ಆದರೆ ಅಳತೆ ಸರಿ ಇರಬೇಕು. ದಪ್ಪ ಕಣ ಗಡ್ಡೆಯ ಹತ್ತಿರವೇ ನಿಲ್ಲುತ್ತೆ. ಸಣ್ಣದಾದರೆ ಮುಂದೆ ದಾಟಿ, ಚೆನ್ನಾಗಿರೋ ಅಂಗಕ್ಕೆ ನುಗ್ಗಿ ಅದನ್ನೇ ಸಾಯಿಸುತ್ತೆ.”

ಸೀಸೆಯ ಮೇಲಿದ್ದದ್ದು ಕೆಂಪು ಪಟ್ಟಿಯ ಲೇಬಲ್, ಅಂದರೆ ದಪ್ಪ ಕಣ. ಒಳಗಿದ್ದದ್ದು ಸಣ್ಣ ಕಣ. ಎಂಟು ಗಂಟೆಗೆ ಒಬ್ಬ ರೋಗಿಗೆ ಸಿದ್ಧ ಮಾಡುವಾಗ ನರ್ಸ್ ಚಂದನ ಕಂಡುಹಿಡಿದಿದ್ದಳು: ಬೇಗ ತಳ ಸೇರಬೇಕಾದ ಕಣಗಳು ಸಿರಿಂಜಿನಲ್ಲಿ ತೇಲುತ್ತಲೇ ಇದ್ದವು. ಸೂಕ್ಷ್ಮದರ್ಶಕದಲ್ಲಿ ಅಳೆದಾಗ ಅವಳ ಮಾತೇ ನಿಜವಾಯಿತು.

“ಯಾರ ಮೇಲೆ ಅನುಮಾನ?”

“ಯಾರೋ ನಕಲಿ ಮಾಲು ಮಾರಿದ್ದಾರೆ.”

10.05ಕ್ಕೆ ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಾಯಿತು. 10.30ಕ್ಕೆ ಆಸ್ಪತ್ರೆಯ ಲ್ಯಾಬಿನಲ್ಲಿ ಪಂಚನಾಮೆ ಶುರುವಾಯಿತು. ಆಯುಧಪೂಜೆ ಕಳೆದು ಐದು ದಿನವಾದರೂ ಯಂತ್ರದ ಮೇಲೆ ಬಾಡಿದ ಚೆಂಡುಹೂವಿನ ಹಾರ, ಬೀರುವಿನ ಬಾಗಿಲಿಗೆ ಅರಿಶಿನ ಕುಂಕುಮ. ರಿಜಿಸ್ಟರಿನಲ್ಲಿ ಆರು ಸೀಸೆ; ಕೆಂಪು ಪಟ್ಟಿಯವು ಮೂರು, ಸಣ್ಣ ಕಣದ ನೀಲಿ ಪಟ್ಟಿಯವು ಮೂರು. ವೈದ್ಯರು ತಂದದ್ದೂ ಸೇರಿ ಲೆಕ್ಕಕ್ಕೆ ಸಿಕ್ಕಿದ್ದು ಐದು.

“ಆರನೆಯದು?”

“ಮಳವಳ್ಳಿಯ ನಮ್ಮ ಶಾಖೆಗೆ ಹೋಗಿದೆ. ಹನ್ನೆರಡಕ್ಕೆ ಅಲ್ಲೊಬ್ಬರಿಗೆ ಇದೇ ಚಿಕಿತ್ಸೆ ಇದೆ. ಟೆಕ್ನಿಷಿಯನ್ ಶಶಿಧರ್ ತಗೊಂಡು ಹೋಗಿದ್ದಾರೆ. ಒಂಬತ್ತಕ್ಕೇ ಫೋನ್ ಮಾಡಿದ್ದೆ. ‘ನನ್ನ ಸೀಸೆ ಸರಿಯಾಗಿದೆ, ನಾನೇ ನೋಡಿದ್ದೀನಿ’ ಅಂದರು.”

ಅರ್ಪಿತಾ ಒಂದು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಳು. ಗಾಜಿನ ಮೂಲಕ ಲೇಬಲ್ಲಿನ ಬೆನ್ನು ಕಾಣುತ್ತಿತ್ತು. ಅಂಟಿನ ನಡುವೆ ಒಂದಿಷ್ಟು ಕೆಂಪು ಪುಡಿ.

“ಜವರಯ್ಯ, ಕುಂಕುಮ ಲೇಬಲ್ ಮೇಲಿದ್ದರೆ ಸರಿ. ಅಡಿಗೆ ಹೆಂಗೆ ಹೋಯ್ತು?”

ಜವರಯ್ಯನಿಗೆ ಉತ್ತರಕ್ಕೆ ಹೊತ್ತು ಬೇಕಾಗಲಿಲ್ಲ. “ತೊಳ್ದವ್ರೆ ಮೇಡಂ. ನಾನೂ ಅಬ್ಬಕ್ಕೆ ಸ್ಪ್ಯಾನರು, ಕುಡ್ಲು ಎಲ್ಲಾನೂವೆ ನೀರಿಗಾಕಿ ತೊಳ್ದೆ. ಸೀಸೇನೂ ಅಂಗೇ ಮುಳುಗ್ಸವ್ರೆ. ಲೇಬಲ್ ಕಿತ್ಕೊಂಡು ಬಂದದೆ. ಪೂಜೆ ಆದ್ಮ್ಯಾಕೆ ಯಾವ್ದಕ್ಕೆ ಯಾವ್ದು ಅಂತ ಗೊತ್ತಾಗ್ದೆ ಅಂಟ್ಸವ್ರೆ.”

“ಬೀರಿನ ಸೀಸೆಗಳನ್ನು ತೊಳೆದವರು ಯಾರು?”

“ಶಶಿಧರ್ ಸರ್,” ಅಂದಳು ಚಂದನ. “ಬೇರೆ ಯಾರಿಗೂ ಮುಟ್ಟಕ್ಕೆ ಬಿಡಲ್ಲ.”

ನಕಲಿ ಮಾಲೂ ಇಲ್ಲ, ಮಾರಿದವರೂ ಇಲ್ಲ! ಅರ್ಪಿತಾಗೆ ಸಿಟ್ಟು ನೆತ್ತಿಗೇರಿತು. ಶಶಿಧರನ ಫೋನ್ ಬಂದ್. ಮಳವಳ್ಳಿಯ ವೈದ್ಯೆಯದೂ ಬಂದ್. 11.10ಕ್ಕೆ ಅವಳು ಮಳವಳ್ಳಿ ಠಾಣೆಗೆ ಹೇಳಿದಳು: “ಆಸ್ಪತ್ರೆಗೆ ಹೋಗಿ ಆ ಚಿಕಿತ್ಸೆ ನಿಲ್ಲಿಸಿ. ಸೀಸೆ ವಶಕ್ಕೆ ತಗೊಳ್ಳಿ.”

ನಿಲ್ಲಿಸಿದರೆ ಮುಗಿಯಿತೇ? ರೋಗಿಗೆ ಸರಿಯಾದ ಕಣ ಬೇಕಲ್ಲ. ಮದ್ದೂರಿನ ಔಷಧಿ ವಿತರಕರ ಬಳಿ ಹೊಸ ಸೀಸೆ ಇದೆಯೆಂದು ತಿಳಿಯಿತು. ಜೀಪು ಹೊರಟಿತು. ಹಿಂದಿನ ಸೀಟಿನಲ್ಲಿ ಡಾ. ರಘುನಂದನ್ ಸೂಕ್ಷ್ಮದರ್ಶಕವನ್ನು ಎಳೆಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದರು. 11.50ಕ್ಕೆ ಮದ್ದೂರಿನಲ್ಲಿ ಸೀಸೆ ಕೈಗೆ ಬಂತು.

ಭಾರತೀನಗರದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯನ್ನೇ ನುಂಗಿದ್ದವು. ಅಷ್ಟರಲ್ಲಿ ಮಳವಳ್ಳಿಯ ಕರೆ: “ನಿಲ್ಲಿಸಿದೀವಿ ಮೇಡಂ. ಆದ್ರೆ ಆಯಮ್ಮಂಗೆ ರಕ್ತ ಹೋಗ್ತಾನೇ ಇದೆ. ಬೇಗ ಬನ್ನಿ.”

ಜವರಯ್ಯ ಕೆಳಗೆ ಹಾರಿದ. “ಲೇ, ಸೈಡಿಗಾಕ್ಲಾ! ಅಲ್ಲೊಂದು ಜೀವ ಕಾಯ್ತಾ ಅದೆ ಕಣ್ಲಾ!”

ಗೊಣಗಬಹುದಾಗಿದ್ದ ಚಾಲಕರು ಗೊಣಗಲಿಲ್ಲ. ಒಬ್ಬನಂತೂ ಟ್ರೇಲರನ್ನು ಚರಂಡಿಯ ಅಂಚಿಗೇ ಇಳಿಸಿ ದಾರಿ ಬಿಟ್ಟ.

12.45, ಮಳವಳ್ಳಿ. ಒಳಗೆ ಮಲಗಿದ್ದವಳು ಬಂಡೂರಿನ ಚಿಕ್ಕಮಾದಮ್ಮ, ನಲವತ್ತಮೂರು ವರ್ಷ. ಗರ್ಭಕೋಶದ ಗಡ್ಡೆಯಿಂದ ರಕ್ತ ಹೋಗಿ ಹೋಗಿ ಮುಖ ಬಿಳಿಚಿತ್ತು. ಗಂಡ ಪುಟ್ಟರಾಜು ಬಾಗಿಲಲ್ಲೇ ಅಡ್ಡಗಟ್ಟಿದ.

“ಇವ್ಳು ಉಳ್ಕತಾಳಾ ಮೇಡಂ?”

“ಅದಕ್ಕೇ ಓಡಿ ಬಂದಿದ್ದೀವಿ ಕಣಣ್ಣ.”

ಪಂಚರ ಎದುರು ರಘುನಂದನ್ ಅಳೆದರು. ವಶಪಡಿಸಿಕೊಂಡ ಸೀಸೆ: ಲೇಬಲ್ಲು ಕೆಂಪು, ಕಣ ಸಣ್ಣ. ಹೊಸ ಸೀಸೆ: ಲೇಬಲ್ಲು ಕೆಂಪು, ಕಣ ದಪ್ಪ. 1.15ಕ್ಕೆ ಅವರು ಒಳಗೆ ಹೋದರು. ಅರ್ಪಿತಾ ಕಾರಿಡಾರಿನಲ್ಲಿ ಹತ್ತು ಸಲವಾದರೂ ಗಡಿಯಾರ ನೋಡಿದಳು. 2.20ಕ್ಕೆ ಬಾಗಿಲು ತೆರೆಯಿತು.

“ನಿಂತಿತು!” ಅಂದರು ರಘುನಂದನ್. “ಗಡ್ಡೆಯ ನಾಳ ಮಾತ್ರ ಮುಚ್ಚಿದೆ. ಬೇರೆ ಎಲ್ಲಿಗೂ ಒಂದು ಕಣ ಹೋಗಿಲ್ಲ.”

ಪುಟ್ಟರಾಜು ಗೋಡೆಗೊರಗಿ ಅತ್ತುಬಿಟ್ಟ. ಗಾಲಿಮಂಚದ ಮೇಲೆ ಹೊರಗೆ ಬಂದ ಚಿಕ್ಕಮಾದಮ್ಮನಿಗೆ ಇದಾವುದರ ಪರಿವೆಯೂ ಇರಲಿಲ್ಲ.

“ಒಟ್ಟೆ ಕುಯ್ಲೇ ಇಲ್ವಲ್ಲ! ನಾಳೀಕೆ ಕುರಿ ಒಡ್ಕೊಂಡೋಗ್ಬೋದಾ?”

“ಒಂದೆರಡು ವಾರ ನಿಮ್ಮೆಜಮಾನ್ರು ಮೇಯಿಸಲಿ,” ಅಂದರು ವೈದ್ಯರು. ಜವರಯ್ಯ ಕಾರಿಡಾರು ಮೊಳಗುವಂತೆ ನಕ್ಕ. ಅರ್ಪಿತಾಳೂ ನಕ್ಕಳು, ಹಾಗೆ ಎದೆ ತುಂಬಿ ನಕ್ಕು ಬಹಳ ದಿನವಾಗಿತ್ತು.

2.40ಕ್ಕೆ ಶಶಿಧರನ ವಿಚಾರಣೆ. ಹೊಳಲಿನವನು, ಹನ್ನೊಂದು ವರ್ಷದ ಅನುಭವ, ಇಸ್ತ್ರಿ ಕೆಡದ ಅಂಗಿ.

“ಸೀಸೆ ನೀರಿಗೆ ಹಾಕಿದ್ದು ಯಾರು?”

“ನಾನೇ.”

“ಲೇಬಲ್?”

“ಅಂದಾಜಿನ ಮೇಲೆ ಅಂಟಿಸ್ದೆ.”

“ಬೆಳಿಗ್ಗೆ ಸುಳ್ಳು ಯಾಕೆ ಹೇಳಿದಿರಿ?”

ಅವನು ಅಂಗಿಯ ತೋಳು ಸರಿಮಾಡಿಕೊಂಡ. ಮಾತಾಡಿದವರು ಮಳವಳ್ಳಿಯ ವೈದ್ಯೆ. ಪೊಲೀಸರು ಬರುವ ಮುಂಚೆ, ಸಿರಿಂಜು ಸರಿಯಿಲ್ಲವೆಂದು ಅವನು ಎರಡು ಸಲ ತಡಮಾಡಿದ್ದನಂತೆ. ಸೀಸೆ ಕೊಡಲಿಲ್ಲ, ನಿಜ ಹೇಳಲೂ ಇಲ್ಲ.

3.10ಕ್ಕೆ, ಪ್ರಾಣಕ್ಕೆ ಅಪಾಯ ತರುವ ನಿರ್ಲಕ್ಷ್ಯದ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಬಾಯಿ ಬಿಟ್ಟದ್ದು ವಾಪಸು ಬರುವ ಜೀಪಿನಲ್ಲಿ. ಹೋದ ವರ್ಷ ಚಂದನ ಟ್ರೇ ಮೇಲೆ ಒಂದು ಚೀಟಿ ತಪ್ಪಾಗಿ ಹಚ್ಚಿದ್ದಳು. ಎಲ್ಲರೆದುರು ಅವಳನ್ನು ಬೈದು, ಲ್ಯಾಬಿನಿಂದ ವಾರ್ಡಿಗೆ ಕಳಿಸಿದ್ದು ಇವನೇ. ಇವತ್ತು ಇವನು ಮಳವಳ್ಳಿಗೆ ಹೋದದ್ದರಿಂದ ಅವಳನ್ನು ಲ್ಯಾಬಿಗೆ ಕರೆಸಿದ್ದರು.

“ಅವಳ ಮುಂದೆ ತಲೆತಗ್ಗಿಸೋದು ಹೆಂಗೆ ಅಂತ ಸುಮ್ಮನಾದೆ ಮೇಡಂ. ಐದು ದಿನವೂ ನಿದ್ದೆ ಬರಲಿಲ್ಲ.”

“ನೀವು ತಲೆ ತಗ್ಗಿಸಬಾರದು ಅಂತ ಆಯಮ್ಮ ಸಾಯಬೇಕಿತ್ತಾ?”

ಸಂಜೆ ಐದಕ್ಕೆ ಠಾಣೆಯಲ್ಲಿ ಸಾಕ್ಷಿ ಹೇಳಿಕೆಗೆ ಚಂದನ ಬಂದಿದ್ದಳು. ನಾಳೆಯಿಂದ ಅವಳಿಗೆ ಮತ್ತೆ ಲ್ಯಾಬಿನ ಕೆಲಸವೆಂದು ರಘುನಂದನ್ ಆಗಲೇ ಹೇಳಿದ್ದರು. ಶಶಿಧರ್ ಅವಳೆದುರು ನಿಂತ.

“ತಪ್ಪು ನಂದು ಕಣಮ್ಮ. ಹೋದ ವರ್ಷ ಎಲ್ಲರೆದುರು ನಿನ್ನ ಬೈದದ್ದೂ ನನ್ನ ತಪ್ಪೇ.”

ಚಂದನ ಅವನನ್ನು ನೋಡಿದಳು. “ಇವತ್ತು ಬೆಳಿಗ್ಗೆ ಕಣ ತೇಲಿದ ತಕ್ಷಣ ನಿಲ್ಲಿಸಿದೆನಲ್ಲ, ಸರ್,” ಅಂದಳು, “ತಳ ಸೇರೋದನ್ನ ನೋಡ್ದೆ ಕೊಡಬೇಡ ಅಂತ ಕಲಿಸಿದ್ದು ನೀವೇ.”

ಅವನು ತಲೆ ತಗ್ಗಿಸಿದ. ಅರ್ಪಿತಾ ಹೇಳಿಕೆಯ ಹಾಳೆಯನ್ನು ಅವಳತ್ತ ಸರಿಸಿ, ಸಹಿ ಮಾಡಲು ಪೆನ್ನು ಕೊಟ್ಟಳು.