ದಾನ್‌ಫೆಂಗ್ ನಡೆದ ದಾರಿ

ಹಿಂದಿನಿಂದ ಬಂದ ಕೈಯೊಂದು ಯೂಲಿಯನ್‌ಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಎಲ್ಲಿಗೆ ಹೋಗಿದ್ದೆ ನೀನು? ಎಲ್ಲೆಲ್ಲಿ ಅಂತ ಹುಡುಕ್ಲಿ ನಾನು..."

ತರಕಾರಿ ಸಂತೆಯ ನಟ್ಟನಡುವೆ, ಕಳಲೆ ಮಾರುವವಳ ಬುಟ್ಟಿಯ ಎದುರು, ಅವಳು ಬೆಚ್ಚಿ ತಿರುಗಿದಳು. ಅರವತ್ತು ದಾಟಿದ ಗಂಡಸು. ಬಿಳಿ ಕೂದಲು, ಒಂದು ಗುಂಡಿ ತಪ್ಪಿಸಿ ಹಾಕಿಕೊಂಡ ಅಂಗಿ. ಅವಳ ಮುಖ ಕಂಡದ್ದೇ ತಡ, ಅವನ ಕಣ್ಣಲ್ಲಿ ಹೊತ್ತಿಕೊಂಡಿದ್ದ ಬೆಳಕು ಹಾಗೇ ಆರಿಹೋಯಿತು.

"ತಪ್ಪಾಯ್ತು ಅಕ್ಕಾ. ಬೇರೆಯವರು ಅಂದ್ಕೊಂಡೆ."

ಹಾಗಂದವನು ಕೈ ಬಿಡುವುದನ್ನು ಮರೆತಿದ್ದ.

'ಬಿಡು ಅಂತ ನಾನಾದರೂ ಯಾಕೆ ಹೇಳ್ತಿಲ್ಲ?' ಯೂಲಿಯನ್‌ಳಿಗೆ ತನ್ನ ಮೇಲೆಯೇ ಅಚ್ಚರಿ. ಗಂಡ ತೀರಿಕೊಂಡು ಆರು ವರ್ಷ. ಅಷ್ಟು ದಿನಗಳಲ್ಲಿ ಅವಳ ಕೈಯನ್ನು ಹೀಗೆ, ಕಳೆದುಹೋದದ್ದು ಸಿಕ್ಕಿತು ಅನ್ನುವಂತೆ, ಯಾರೂ ಹಿಡಿದಿರಲಿಲ್ಲ.

ಪಿಂಗಾಣಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಟ್ಟಲು ಪರೀಕ್ಷಿಸಿ ನಿವೃತ್ತಳಾಗಿ, ತಂಗಿಯ ಮನೆಯಲ್ಲಿರಲು ಅವಳು ಯಾನ್‌ತಾನ್ ಊರಿಗೆ ಬಂದು ಆಗ ಇನ್ನೂ ಒಂದು ವಾರ.

"ಅಯ್ಯೋ, ಅವನು ಕ್ವಾಂಗಣ್ಣ," ಅಂದಳು ತಂಗಿ, ಮನೆಯಲ್ಲಿ ಇದನ್ನು ಕೇಳಿ. "ನದಿ ನೀರಿನ ಮಟ್ಟ ಅಳೆಯೋ ಕಚೇರಿಯಲ್ಲಿದ್ದ. ಹೆಂಡತಿ ದಾನ್‌ಫೆಂಗ್‌ಗೆ ಮರೆವಿನ ಕಾಯಿಲೆ ಬಂದಿತ್ತು. ಒಂದಿನ ಬೆಳಿಗ್ಗೆ ಮನೆ ಬಿಟ್ಟು ಹೋದವಳು ಹೋದಳು. ಹೆಣಾನೂ ಸಿಗ್ಲಿಲ್ಲ. ನಾಲ್ಕು ವರ್ಷ ಆದ್ಮೇಲೆ ಕೋರ್ಟೇ ಸತ್ತಳು ಅಂತ ಬರೆದುಕೊಡ್ತು. ಹಿಂದಿನಿಂದ ನೋಡಿದ್ರೆ ನೀನು ಅವಳ ಹಾಗೇ ಇದ್ದೀಯ ಬಿಡು."

ಮರುದಿನ ಅವನು ಎರಡು ಮೀನು ಹಿಡಿದುಕೊಂಡು ಕ್ಷಮೆ ಕೇಳಲು ಬಂದ. ಮೂರನೇ ದಿನ, ಮೀನು ತಾಜಾ ಇತ್ತೇ ಎಂದು ಕೇಳಲು ಬಂದ. ಆಮೇಲೆ ಬರಲು ಕಾರಣ ಬೇಕಾಗಲಿಲ್ಲ. ವರ್ಷ ತುಂಬುವುದರೊಳಗೆ ಇಬ್ಬರೂ ಹೋಗಿ ಮದುವೆ ನೋಂದಾಯಿಸಿ ಬಂದರು. ಅವಳಿಗೆ ಅರವತ್ತು, ಅವನಿಗೆ ಅರವತ್ತೈದು.

ಮದುವೆಯ ಮಾರನೆಯ ಬೆಳಿಗ್ಗೆ ಅವನು ಕೇಳಿದ, "ನಡೆಯೋಕೆ ಬರ್ತೀಯಾ?"

ಅಂದು ಶುರುವಾದದ್ದು ಆ ನಡಿಗೆ.

* * *

ದಿನವೂ ಬೆಳಗಿನ ಐದೂವರೆಗೆ. ದಿನವೂ ಅದೇ ದಾರಿ.

ಮನೆಯಿಂದ ಇಳಿದು ಬಟ್ಟೆ ಒಗೆಯುವ ಕಲ್ಲು ಮೆಟ್ಟಿಲು. ಅಲ್ಲಿಂದ ಕಲ್ಲು ಸೇತುವೆ. ಸೇತುವೆಯಾಚೆ ಶಾಲೆಯ ಹಿಂಗೋಡೆ. ಆಮೇಲೆ ಸಂತೆ, ಬಸ್ ನಿಲ್ದಾಣ, ಕೊನೆಗೆ ಫಾನ್ ಅತ್ತಿಗೆಯ ಅಕ್ಕಿ ನೂಡಲ್ಸ್ ಅಂಗಡಿ. ಒಟ್ಟು ಒಂದು ಗಂಟೆ.

ಮೊದಮೊದಲು ಯೂಲಿಯನ್‌ಳಿಗೆ ಖುಷಿಯೋ ಖುಷಿ. ನದಿಯ ಮೇಲೆ ಮಂಜು, ಚೌಕದಲ್ಲಿ ಹಾಡು ಹಾಕಿಕೊಂಡು ಕುಣಿಯುವ ಹೆಂಗಸರು, ಪಕ್ಕದಲ್ಲಿ ತನ್ನವನು. ಈ ವಯಸ್ಸಿಗೆ ಇನ್ನೇನು ಬೇಕು?

ಆದರೆ ದಿನ ಕಳೆದಂತೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು.

ಮೆಟ್ಟಿಲ ಬಳಿ ಅವನು ನಿಲ್ಲುತ್ತಿದ್ದ. ಬಗ್ಗಿ, ಕೆಳಗಿನ ಕತ್ತಲ ಮೂಲೆಯನ್ನು ನೋಡುತ್ತಿದ್ದ. ಶಾಲೆಯ ಗೋಡೆ ಮುರಿದಿರುವಲ್ಲಿ ಇಣುಕುತ್ತಿದ್ದ. ಬಸ್ ನಿಲ್ದಾಣದ ಕೊನೆಯ ಬೆಂಚಿನತ್ತ ಕತ್ತು ಹೊರಳಿಸದೆ ಒಂದು ದಿನವೂ ಮುಂದೆ ಹೋದವನಲ್ಲ. ಅವಳು ಮಾತಾಡುತ್ತಿದ್ದರೆ ಹೂಂಗುಟ್ಟುತ್ತಿದ್ದ, ಕಣ್ಣು ಮಾತ್ರ ಬೇರೆಲ್ಲೋ. ಇಬ್ಬರ ನಡುವೆ ಯಾವಾಗಲೂ ಒಬ್ಬರು ಹಿಡಿಸುವಷ್ಟು ಜಾಗ ಬಿಟ್ಟು ನಡೆಯುತ್ತಿದ್ದ.

ಮಂಜು ದಟ್ಟವಾಗಿದ್ದ ಬೆಳಿಗ್ಗೆಗಳಲ್ಲಿ ಸೇತುವೆಯ ಕಲ್ಲಿನ ಮೇಲೆ ತಮ್ಮಿಬ್ಬರದಲ್ಲದ ಇನ್ನೊಂದು ಹೆಜ್ಜೆಯ ಸಪ್ಪಳ ಕೇಳಿದಂತಾಗಿ ಅವಳು ಹಿಂದಿರುಗಿ ನೋಡಿದ್ದುಂಟು. ಯಾರೂ ಇರುತ್ತಿರಲಿಲ್ಲ. ನೋಡಿದ್ದು ತಾನೊಬ್ಬಳೇ ಅಲ್ಲ, ಅವನೂ ನೋಡಿದ ಎಂಬುದು ಮಾತ್ರ ಅವಳ ಬೆನ್ನಲ್ಲಿ ಚಳಿ ಹುಟ್ಟಿಸುತ್ತಿತ್ತು.

"ಇನ್ನೊಂದು ದಾರೀಲಿ ಹೋಗೋಣ್ವಾ ಇವತ್ತು? ಗುಡ್ಡದ ಕಡೆ ಪೀಚ್ ಹೂ ಬಿಟ್ಟಿದೆಯಂತೆ," ಒಮ್ಮೆ ಕೇಳಿದಳು.

"ನೀನು ಬೇಕಾದ್ರೆ ಹೋಗಿ ಬಾ," ಅಂದ. ಸಿಟ್ಟಿನಿಂದಲ್ಲ, ಮೆತ್ತಗೇ. "ನಾನು ಇಲ್ಲಿ ನಡೀಬೇಕು."

ಒಂದು ದಿನ ಫಾನ್ ಅತ್ತಿಗೆ ಬಟ್ಟಲು ತಂದಿಡುವಾಗ ಬಾಯಿ ಜಾರಿ ಅಂದುಬಿಟ್ಟಳು. "ಕ್ವಾಂಗಣ್ಣ ಈ ದಾರಿ ಬಿಡೋನಲ್ಲ ತಾಯಿ. ದಾನ್‌ಫೆಂಗ್ ಇದ್ದಾಗಿಂದ್ಲೂ ಇದೇ ದಾರಿ. ಮೆಟ್ಲು, ಸೇತುವೆ, ಶಾಲೆ, ಬಸ್‌ಸ್ಟ್ಯಾಂಡು... ಪಾಪ, ಎಂಥ ಜೋಡಿ ಅದು."

ಯೂಲಿಯನ್ ಬಟ್ಟಲನ್ನು ಅತ್ತ ಸರಿಸಿದಳು.

'ಅಂದರೆ ಇದು ನನ್ನ ನಡಿಗೆಯೇ ಅಲ್ಲ. ಅವಳದು. ಎರಡು ವರ್ಷದಿಂದ ಅವಳ ಹೆಜ್ಜೆಯ ಮೇಲೆ ನಾನು ಹೆಜ್ಜೆ ಇಡ್ತಿದ್ದೇನೆ...'

ಅವನನ್ನು ಕೇಳಬಹುದಿತ್ತು. ಕೇಳಲಿಲ್ಲ. ಬರುವ ಉತ್ತರಕ್ಕೆ ಹೆದರಿದಳು. ಸತ್ತವಳ ಜೊತೆಯಾದರೆ ಹೇಗೋ ಹೊಂದಿಕೊಂಡು ಬಾಳಬಹುದು. ಆದರೆ ಇವಳು ಸತ್ತಿಲ್ಲ, ಬದುಕಿಯೂ ಇಲ್ಲ. ನಾಳೆ ಯಾವುದೋ ಓಣಿಯ ತಿರುವಿನಲ್ಲಿ ಎದುರಾಗಿಬಿಟ್ಟರೆ? ಆಗ ತಾನು ಯಾರು?

* * *

ಸಮಾಧಿ ಗುಡಿಸುವ ಹಬ್ಬ ಬಂತು. ಊರಿಗೆ ಊರೇ ಗುಡ್ಡ ಹತ್ತಿ ಸತ್ತ ಹಿರಿಯರಿಗೆ ಹಣವಾಗಿ ಸಲ್ಲಲೆಂದು ಕಾಗದ ಸುಟ್ಟು ಬಂತು. ಗುಡಿಸಲು ದಾನ್‌ಫೆಂಗ್‌ಳ ಸಮಾಧಿಯೇ ಇಲ್ಲ.

"ಮನೆ ಮುಂದಾದ್ರೂ ಒಂದಿಷ್ಟು ಕಾಗದ ಸುಡೋಣ. ಅವಳಿಗೂ ಸಿಗಲಿ," ಅಂದಳು ಯೂಲಿಯನ್. ನಿಜಕ್ಕೂ ಮರುಕದಿಂದಲೇ ಅಂದಳು.

"ಬೇಡ."

"ಯಾಕೆ?"

ಅವನು ಎದ್ದು ಹೊರಗೆ ಹೋದ. ಅವಳಿಗೆ ಅರ್ಥವಾಯಿತು. ಸುಟ್ಟರೆ ಸತ್ತಳು ಅಂತ ಒಪ್ಪಿಕೊಂಡ ಹಾಗೆ.

ಮರುದಿನ ಬೆಳಗಿನ ನಡಿಗೆಯಲ್ಲಿ ಆಗಬಾರದ್ದು ಆಯಿತು.

ಸೇತುವೆ ಇಳಿಯುತ್ತಿದ್ದರು. ಕಲ್ಲು ಒದ್ದೆ. ಜಾರೀತು ಎಂದು ಅವನೇ ಅವಳ ಕೈ ಹಿಡಿದಿದ್ದ. ಮುಂದೆ ಮಂಜಿನಲ್ಲಿ ಬೂದು ಜಾಕೀಟಿನ ಹೆಂಗಸೊಬ್ಬಳು ತಲೆ ತಗ್ಗಿಸಿಕೊಂಡು ಶಾಲೆಯತ್ತ ಹೋಗುತ್ತಿದ್ದಳು.

ಅವನು ಕೈ ಬಿಟ್ಟ.

ಬಿಟ್ಟು ಓಡಿದ. ಅರವತ್ತೇಳರ ಮುದುಕ, ಮಂಡಿ ನೋವಿನವನು, ಓಡಿದ. "ದಾನ್‌ಫೆಂಗ್! ದಾನ್‌ಫೆಂಗ್!"

ಆ ಹೆಂಗಸು ಗಾಬರಿಯಾಗಿ ತಿರುಗಿದಳು. ಯಾರೋ ಹಳ್ಳಿಯವಳು. ಅವನು ತಲೆ ಬಾಗಿಸಿ ಏನೋ ಹೇಳುತ್ತಿದ್ದ. 'ತಪ್ಪಾಯ್ತು ಅಕ್ಕಾ' ಅನ್ನುತ್ತಿರಬೇಕು.

ಒದ್ದೆ ಕಲ್ಲಿನ ಮೇಲೆ ಒಬ್ಬಳೇ ನಿಂತ ಯೂಲಿಯನ್‌ಳಿಗೆ ಒಮ್ಮೆಗೇ ಎಲ್ಲ ಸ್ಪಷ್ಟವಾಯಿತು. 'ನನ್ನ ಬೆನ್ನು ನೋಡಿ ಮದುವೆಯಾದ. ನನ್ನ ಮುಖ ಅವನು ನೋಡಿಯೇ ಇಲ್ಲ.'

ಮಧ್ಯಾಹ್ನ ಅವನು ಊಟ ಮಾಡಿ ಮಲಗಿದಾಗ ಅವಳು ಒಂದು ಚೀಲಕ್ಕೆ ನಾಲ್ಕು ಬಟ್ಟೆ ತುಂಬಿಕೊಂಡಳು. ನಗರದಲ್ಲಿ ಮಗಳಿದ್ದಾಳೆ. ಎರಡೂವರೆಗೆ ಬಸ್ಸಿದೆ. ಬಾಗಿಲಿನ ಅಗಳಿ ಸದ್ದಾಗದಂತೆ ಎತ್ತಿ, ಎಳೆದುಕೊಂಡು ಹೊರಟಳು. ಏಳಲಿಲ್ಲ ಅವನು. ಅದೂ ಒಂದು ನೋವಾಯಿತು ಅವಳಿಗೆ.

* * *

ಬಸ್ಸು ಮುಕ್ಕಾಲು ಗಂಟೆ ತಡವೆಂದರು. ಯೂಲಿಯನ್ ಕಂಬದ ಮರೆಯ ಬೆಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು.

ಸ್ವಲ್ಪ ಹೊತ್ತಿಗೆ ದನಿ ಕೇಳಿಸಿತು. ಟಿಕೆಟ್ ಕಿಟಕಿಯ ಹತ್ತಿರ ಯಾರೋ ಏದುಸಿರು ಬಿಡುತ್ತಿದ್ದರು.

"ಒಬ್ಬ ಹೆಂಗಸು ಬಂದಳಾ ಇಲ್ಲಿಗೆ? ನನ್ನ ಹೆಂಡತಿ..."

"ಅಣ್ಣಾ," ಟಿಕೆಟ್ ಕೊಡುವವಳು ನಿಟ್ಟುಸಿರಿಟ್ಟಳು. "ಎಷ್ಟು ವರ್ಷ ಅಂತ ಕೇಳ್ತೀಯ? ಬಂದ್ರೆ ನಾವೇ ಹೇಳಿ ಕಳಿಸ್ತೀವಿ ಅಂದಿದ್ವಲ್ಲ. ಮನೆಗೆ ಹೋಗು."

"ಅವಳಲ್ಲ!" ಅವನ ದನಿ ಒಡೆಯಿತು. "ಯೂಲಿಯನ್. ಯೂಲಿಯನ್ ಅವಳ ಹೆಸರು. ದುಂಡು ಮುಖ, ಎಡ ಹುಬ್ಬಿನಲ್ಲಿ ಸಣ್ಣ ಗಾಯದ ಕಲೆ. ನಗುವಾಗ ಬಾಯಿಗೆ ಕೈ ಅಡ್ಡ ಇಟ್ಕೋತಾಳೆ, ಒಂದು ಹಲ್ಲು ಸೊಟ್ಟ ಅಂತ ನಾಚಿಕೆ ಅವಳಿಗೆ. ಎಲ್ಲಿ ಬಟ್ಟಲು ಕಂಡ್ರೂ ಬೆರಳಲ್ಲಿ ತಟ್ಟಿ ನೋಡ್ದೆ ಉಣ್ಣಲ್ಲ. ಖಾರ ಆಗಲ್ಲ, ನನಗೋಸ್ಕರ ಆಗತ್ತೆ ಅಂತ ಸುಳ್ಳು ಹೇಳ್ತಾಳೆ. ನೋಡಿದ್ಯಾ? ಸರಿಯಾಗಿ ನೆನಪು ಮಾಡ್ಕೊಂಡು ಹೇಳಮ್ಮಾ."

ಕಂಬದ ಮರೆಯಲ್ಲಿ ಯೂಲಿಯನ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಗುವಿಗಲ್ಲ.

ಖಾರದ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ.

"ಮುದುಕಾ," ಮನೆಯಲ್ಲಿ ಕರೆಯುವ ಹಾಗೇ ಕರೆದಳು. ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

ಅವನಿಗೆ ಕೇಳಿಸಿತು.

ಬಂದ. ಒಂದು ಕಾಲಲ್ಲಿ ಅವನ ಚಪ್ಪಲಿ, ಇನ್ನೊಂದರಲ್ಲಿ ಅವಳದು. ಬೆಂಚಿನ ಮುಂದೆ ನಿಂತು ಅವಳ ಮುಖವನ್ನೇ ನೋಡಿದ. ಆಮೇಲೆ ಪಕ್ಕದಲ್ಲಿ ಕೂತ.

"ಹೋಗೋದಾದ್ರೆ ಹೋಗು," ಅಂದ. "ಹೇಳಿ ಹೋಗು. ಹೇಳದೆ ಮಾತ್ರ..."

"ಹೇಳಿದ್ರೆ ನಿನಗೆ ಕೇಳಿಸ್ತಿತ್ತಾ? ನೀನು ದಿನಾ ನಡೆಯೋದು ಅವಳ ಜೊತೆ. ಅವಳ ಮೇಲೆ ನಿನಗೆ ಅಷ್ಟು ಪ್ರೀತಿ ಇದ್ರೆ ನನ್ನನ್ನ ಯಾಕೆ ಕಟ್ಕೊಂಡೆ?"

"ಪ್ರೀತಿನಾ?" ಅವನು ನಕ್ಕ. ಆ ನಗು ಕೇಳಿ ಯೂಲಿಯನ್‌ಳಿಗೆ ಭಯವಾಯಿತು. "ಪ್ರೀತಿ ಆಗಿದ್ರೆ ಈ ಕಾಲು ಯಾವತ್ತೋ ನಿಲ್ತಿತ್ತು."

ಆಮೇಲೆ ಹೇಳಿದ. ಹತ್ತು ವರ್ಷದಿಂದ ಯಾರಿಗೂ ಹೇಳದ್ದನ್ನು ನೆಲ ನೋಡುತ್ತ ಹೇಳಿದ.

ಕಾಯಿಲೆ ಬಂದ ಮೇಲೆ ದಾನ್‌ಫೆಂಗ್ ದಿನಾ ಐದೂವರೆಗೆ ಎದ್ದು ಹೊರಟುಬಿಡುತ್ತಿದ್ದಳು. ತಡೆದರೆ ಹೆದರಿ ಅಳುತ್ತಿದ್ದಳು. ಅದಕ್ಕೆ ಅವನು ಇಪ್ಪತ್ತು ಹೆಜ್ಜೆ ಹಿಂದೆ, ಅವಳಿಗೆ ಕಾಣದ ಹಾಗೆ ನಡೆಯುತ್ತಿದ್ದ. ಮೆಟ್ಟಿಲ ಕೆಳಗೆ ಕೂರುತ್ತಿದ್ದಳು. ಶಾಲೆಯ ಗೋಡೆಯ ಹಿಂದೆ ಅಡಗುತ್ತಿದ್ದಳು. ಈ ನಿಲ್ದಾಣದ ಕೊನೆಯ ಬೆಂಚಿನಲ್ಲಿ ಯಾರನ್ನೋ ಕಾಯುತ್ತಿದ್ದಳು. ಸುಸ್ತಾದಾಗ ಅವನು ಹೋಗಿ, ದಾರಿಹೋಕನ ಹಾಗೆ, 'ಮನೆಗೆ ಬಿಡ್ಲಾ ಅಕ್ಕಾ?' ಎಂದು ಕೇಳುತ್ತಿದ್ದ. ಹಾಗೆ ನಾಲ್ಕು ವರ್ಷ.

"ಅವತ್ತು ನಾನು ಮಲಗಿದ್ದೆ, ಗೊತ್ತೇ ಆಗ್ಲಿಲ್ಲ ಅಂತ ಎಲ್ಲರಿಗೂ ಹೇಳಿದ್ದೀನಿ. ಪೊಲೀಸರಿಗೂ. ಅವಳ ತಮ್ಮನಿಗೂ. ನಿದ್ದೆ ಬಂದಿರ್ಲಿಲ್ಲ ಯೂಲಿಯನ್. ಅಗಳಿ ತೆಗೆದ ಸದ್ದು ಕೇಳಿಸ್ತು. ಚಳಿ ಇತ್ತು. ಸಾಕಾಗಿತ್ತು ನನಗೆ. ಇವತ್ತೊಂದು ದಿನ, ಒಂದರ್ಧ ಗಂಟೆ ಬಿಟ್ಟು ಹೋದ್ರಾಯ್ತು ಅಂತ ಕಣ್ಣು ಮುಚ್ಚಿಕೊಂಡೆ."

ಬಸ್ಸು ಬಂದು ನಿಂತಿತು. ಜನ ಹತ್ತತೊಡಗಿದರು.

"ನದಿಗೆ ಬಿದ್ದಳು ಅಂತಾರೆ. ಅವತ್ತಿನ ನೀರು ನನಗೆ ಗೊತ್ತು. ಅಳೆದವನು ನಾನೇ. ಮೊಣಕಾಲುದ್ದ ಇರ್ಲಿಲ್ಲ, ಸೆಳೆತ ಇಲ್ಲ. ಬಿದ್ದವರನ್ನ ಈ ನದಿ ಕೆಳಗಿನ ತಿರುವಲ್ಲಿ ಮೂರು ದಿನಕ್ಕೆ ತಂದು ಹಾಕತ್ತೆ. ಮೂರು ದಿನ ಅಲ್ಲೇ ಕೂತಿದ್ದೆ. ಬರ್ಲಿಲ್ಲ. ಹಾಗಾದ್ರೆ ಎಲ್ಲೋ ನಡೀತಿರಬೇಕು ಅಲ್ವಾ? ಹಿಂದೆ ಯಾರೂ ಇಲ್ದೆ..."

ಯೂಲಿಯನ್‌ಳಿಗೆ ಮೊದಲು ಬಂದದ್ದು ಕರುಣೆಯಲ್ಲ, ಹೆದರಿಕೆ. 'ನಾಳೆ ನನಗೂ ಮರೆವು ಬಂದರೆ ಇವನು ಹೀಗೇ ಕಣ್ಣು ಮುಚ್ಚಿಕೊಂಡಾನೇ?' ಅದನ್ನು ಬಚ್ಚಿಡಲಿಲ್ಲ. ಕೇಳಿಯೇಬಿಟ್ಟಳು.

ಅವನು ಆಣೆ ಇಡಲಿಲ್ಲ. "ಗೊತ್ತಿಲ್ಲ," ಅಂದ. "ಇವತ್ತು ನಿಜವಾಗ್ಲೂ ನಿದ್ದೆ ಬಂದಿತ್ತು. ಎದ್ದೆ, ನೀನಿರ್ಲಿಲ್ಲ. ಆಮೇಲೆ ಏನು ಮಾಡಿದೆ ಅಂತ ನನಗೇ ಗೊತ್ತಿಲ್ಲ."

ಅವಳು ಅವನ ಕಾಲುಗಳನ್ನು ನೋಡಿದಳು. ಬೆರಳೊಂದು ಒಡೆದು ರಕ್ತ ಬರುತ್ತಿತ್ತು.

"ಎದ್ದು ಬಂದೆಯಲ್ಲ," ಅಂದಳು.

ಬಸ್ಸಿನವನು ಎರಡು ಸಲ ಹಾರ್ನ್ ಹೊಡೆದ. ಯೂಲಿಯನ್ ಏಳಲಿಲ್ಲ. ಬಸ್ಸು ಹೋಯಿತು.

* * *

ಮನೆಯಲ್ಲಿ ಅವನ ಬೆರಳಿಗೆ ಬಟ್ಟೆ ಕಟ್ಟುತ್ತ ಅವಳು ಕೇಳಿದಳು.

"ಅವಳ ಮುಖದಲ್ಲಿ ಏನಾದ್ರೂ ಗುರುತಿದೆಯಾ?"

"ಯಾಕೆ?"

"ಎರಡು ವರ್ಷದಿಂದ ಜೊತೆಗೆ ನಡೀತಿದ್ದೀನಿ, ಯಾರನ್ನ ಹುಡುಕ್ತಿದ್ದೀನಿ ಅಂತ ಗೊತ್ತಿರ್ಲಿಲ್ಲ. ನಾಳೆಯಿಂದ ನೀನು ನದಿ ಕಡೆ ನೋಡು. ಅಂಗಡಿ ಕಡೆ, ಓಣಿ ಕಡೆ ನಾನು ನೋಡ್ತೀನಿ. ನಿನ್ನ ಕಣ್ಣಲ್ಲಿ ಪೊರೆ ಬಂದಿದೆ, ಬೂದು ಜಾಕೀಟು ಕಂಡಿದ್ದೆಲ್ಲ ನಿನಗೆ ಅವಳೇ."

ಅವನು ಅವಳನ್ನೇ ನೋಡುತ್ತ ಕೂತ. ಅಳು ಬಂತು. ಹತ್ತು ವರ್ಷದ ಅಳು. ಅವಳು ಸುಮ್ಮನೆ ಗಂಟು ಬಿಗಿದು, ಅವನ ಪಾದವನ್ನು ತೊಡೆಯ ಮೇಲೆಯೇ ಇಟ್ಟುಕೊಂಡಳು.

"ಅವಳು ಬಂದುಬಿಟ್ರೆ?" ಕೊನೆಗೆ ಕೇಳಿದ.

"ಬಂದ್ರೆ ಹಸಿದಿರ್ತಾಳೆ. ಮೊದ್ಲು ಊಟ ಹಾಕೋಣ. ಆಮೇಲಿನದು ಆಮೇಲೆ."

"ನೀನು?"

"ನಾನೂ ಉಣ್ತೀನಿ."

"ಅದಲ್ಲ..."

"ಗೊತ್ತು ಅದಲ್ಲ ಅಂತ," ಅಂದಳು ಯೂಲಿಯನ್. "ಬಂದ ದಿನ ಯೋಚ್ನೆ ಮಾಡೋಣ ಮುದುಕಾ. ನನಗೂ ಹೆದರಿಕೆ ಇದೆ. ಆದ್ರೆ ಹೊರಗೆ ಒಬ್ಬಳು ಹೆಂಗಸು ಒಂಟಿಯಾಗಿ ನಡೀತಿದ್ದಾಳೆ ಅಂತ ಗೊತ್ತಾದ್ಮೇಲೆ ನಾನು ಹ್ಯಾಗೆ ಮಲಗಲಿ?"

ಮರುದಿನ ಬೆಳಿಗ್ಗೆ ಐದೂವರೆಗೆ ಹೊರಟರು. ದಟ್ಟ ಮಂಜು. ಮೆಟ್ಟಿಲ ಕೆಳಗೆ ಅವನು ಬಗ್ಗಿ ನೋಡಿದ. ಪಕ್ಕದ ಓಣಿಯೊಳಗೆ ಅವಳು ಹತ್ತು ಹೆಜ್ಜೆ ಹೋಗಿ ನೋಡಿ ಬಂದಳು. ಸೇತುವೆಯ ಮೇಲೆ ಆ ಇನ್ನೊಂದು ಸಪ್ಪಳ ಕೇಳಿದಂತಾಗಿ ಇಬ್ಬರೂ ಒಟ್ಟಿಗೇ ನಿಂತರು. ಈ ಸಲ ಯೂಲಿಯನ್ ಹೆದರಲಿಲ್ಲ. ಸ್ವಲ್ಪ ಕಾದಳು, ಹಿಂದೆ ಬರುವವರಿಗಾಗಿ ಕಾಯುವ ಹಾಗೆ.

ಯಾರೂ ಬರಲಿಲ್ಲ.

"ನಿನ್ನ ಕಡೆ ಯಾರಾದ್ರೂ ಕಾಣ್ತಾರಾ?" ಅವಳು ಕೇಳಿದಳು.

"ಇಲ್ಲ. ನೀರು, ಅಷ್ಟೆ." ಅವನು ಕಣ್ಣು ಕಿರಿದು ಮಾಡಿದ. "ನಿನ್ನ ಕಡೆ?"

"ಒಬ್ಬ ಮುದುಕ ಇದ್ದಾನೆ. ಚಳಿಗೆ ನಡುಗ್ತಿದ್ದಾನೆ."

ಅವನು ನೀರಿನಿಂದ ಅವಳತ್ತ ತಿರುಗಿದ.

"ಮನೆಗೆ ಬಿಡ್ತೀಯಾ ಅಕ್ಕಾ ಅವನನ್ನ?"

"ಬಿಡ್ತೀನಿ," ಅಂದಳು ಅವಳು, ಅವನ ತೋಳಿಗೆ ತೋಳು ಸೇರಿಸುತ್ತ. "ಶಾಲೆ ಹಿಂದೆ ಒಮ್ಮೆ ನೋಡ್ಕೊಂಡು ಹೋಗೋಣ, ನಡಿ."