ತೋರಿಸಬಾರದ ಕಲ್ಲುಗಳು

"ನಿಲ್ಲಿ! ಇನ್ನೊಂದು ಹೆಜ್ಜೆ ಇಟ್ರೆ ಕೂಗ್ತೀನಿ!"

ಶಿಲ್ಪಶ್ರೀ ಕೈಯಲ್ಲಿದ್ದ ಹೂವನ್ನು ಎದೆಗೊತ್ತಿಕೊಂಡು ಅಡ್ಡ ನಿಂತಳು. ನೆಮ್ಮಾರಿನ ಕಾಡಿನೊಳಗೆ, ಅವಳ ಕುಲದ ಹಿರಿಯರ ಕಲ್ಲುಗಳ ಎದುರು, ಹೊರಗಿನ ಗಂಡಸೊಬ್ಬ ನಿಂತಿದ್ದ! ಹೊರಗಿನವರ ಕಣ್ಣು ಬಿದ್ದರೆ ಹಿರಿಯರು ಜಾಗ ಬಿಟ್ಟು ಹೋಗುತ್ತಾರೆ ಎಂಬುದು ಅವರ ನಂಬಿಕೆ.

"ದಾರಿ ತಪ್ಪಿ ಬಂದೆ... ನಾನು ಈಶಾನ, ಕೊಪ್ಪದ ವಕೀಲ. ನಿಮ್ಮವರ ಅರ್ಜಿ ನಡೆಸ್ತಿರೋನು."

ಸಂವಿಧಾನದಡಿಯ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಅವಳ ಕುಲಕ್ಕೆ ಜಾಗವಿರಲಿಲ್ಲ; ಸೇರಿಸಿ ಎಂಬುದೇ ಆ ಅರ್ಜಿ. ಸೇರದಿದ್ದರೆ, ತಲೆಮಾರುಗಳಿಂದ ಬಾಳಿದ ಕಾಡಿನಲ್ಲೇ ಅವರು ಒತ್ತುವರಿದಾರರು!

"ಇದನ್ನ ಕಂಡಿದ್ದು ಯಾರಿಗೂ ಹೇಳ್ಬಾರದು. ಆಣೆ ಮಾಡಿ."

"ನನ್ನಮ್ಮನಾಣೆ."

ಆಣೆಯನ್ನು ನಂಬಿದ ಹುಡುಗಿ ಮಳೆಗಾಲ ಮುಗಿಯುವಷ್ಟರಲ್ಲಿ ಅವನನ್ನೇ ಮೆಚ್ಚಿಬಿಟ್ಟಳು. ಅರ್ಜಿಯ ಮಾತು ಬರೀ ನೆಪ, ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಕುಡಿಯುತ್ತಿದ್ದ ಕಾಫಿಯೇ ನಿಜ!

ವಿಚಾರಣೆಯ ಹಿಂದಿನ ದಿನ ಅಧಿಕಾರಿಗಳ ಜೀಪು ಕಾಡಿನ ಕಡೆ ಹೋಯಿತು. ಮುಂದಿನ ಸೀಟಿನಲ್ಲಿ ಈಶಾನ!

'ಹೇಳಿಬಿಟ್ಟರಾ?... ಅಯ್ಯೋ ದೇವರೇ!'

ಅವನು ಫೋನ್ ಮಾಡಿದರೂ ಅವಳು ಎತ್ತಲಿಲ್ಲ.

ಮರುದಿನ ಕೊಪ್ಪದ ಕಚೇರಿಯಲ್ಲಿ ಅಧಿಕಾರಿ ಕೇಳಿದರು, "ನಿಮ್ಮದು ಬೇರೆಯೇ ಸಂಸ್ಕೃತಿ ಅಂತೀರಿ. ಗುರುತೆಲ್ಲಿ? ನಿನ್ನೆ ನಿಮ್ಮ ವಕೀಲರನ್ನೇ ಕರ್ಕೊಂಡು ಸುತ್ತಿದ್ವಿ, ಮನೆ ಬಿಟ್ರೆ ಏನೂ ಕಾಣ್ಲಿಲ್ಲ. ವಕೀಲರೇ, ನೀವೇನಾದ್ರೂ ಕಂಡಿದ್ದೀರಾ?"

ಶಿಲ್ಪಶ್ರೀ ಈಶಾನನ ಕಡೆ ತಿರುಗಿದಳು.

"ಕಂಡಿದ್ದೀನಿ ಸರ್. ಅದನ್ನ ಹೇಳೋ ಹಕ್ಕು ನನ್ನದಲ್ಲ."

"ಹಾಗಾದ್ರೆ ಅರ್ಜಿ ಬಿದ್ದುಹೋಗುತ್ತೆ!"

ಈಶಾನ ಕಡತ ಮುಚ್ಚಿ ಮೇಜಿನ ಮೇಲಿಟ್ಟ. ಆಣೆ ಮುರಿಯಲಿಲ್ಲ.

'ಇಂಥವರನ್ನ ಅನುಮಾನಿಸಿದೆನಲ್ಲ!' ಅವಳು ಪಕ್ಕದಲ್ಲಿದ್ದ ಅಜ್ಜಿ ಸೀತಕ್ಕನ ಕೈ ಹಿಡಿದಳು. "ಅಜ್ಜೀ... ಹೇಳ್ಲಾ?"

ಅಜ್ಜಿ ಅವಳ ತಲೆ ಸವರಿದಳು.

"ಹಿರಿಯರು ಬಿಟ್ಟು ಹೋಗ್ತಾರೆ ಅಂತ ಹೆದರಿ ಹೆದರಿ, ಈಗ ನಾವೇ ಬಿಟ್ಟು ಹೋಗೋ ಹಂಗಾತಲ್ಲ ಮಗಾ. ಹೇಳು."

ಶಿಲ್ಪಶ್ರೀ ಎದ್ದಳು.

"ನಾನು ತೋರಿಸ್ತೀನಿ ಸರ್, ನಮ್ಮ ಹಿರಿಯರ ಕಲ್ಲುಗಳನ್ನ. ಆದ್ರೆ ಚಪ್ಪಲಿ ಬಿಟ್ಟು ಬರಬೇಕು. ಫೋಟೋ ತೆಗೀಬಾರದು."

ಅಧಿಕಾರಿ ಒಪ್ಪಿ ತಲೆಯಾಡಿಸಿದರು.

ಹೊರಗೆ ಬಂದಾಗ ಅವಳು ಈಶಾನನನ್ನು ತಡೆದು ನಿಲ್ಲಿಸಿದಳು. "ನಾನು ಎದ್ದು ನಿಲ್ಲದೆ ಕೇಸು ಸೋತಿದ್ರೆ ಏನ್ ಮಾಡ್ತಿದ್ರಿ?"

"ಹೈಕೋರ್ಟಿಗೆ ಹೋಗ್ತಿದ್ದೆ. ಆಣೆ ಮುರಿದು ನಿಮ್ಮನ್ನ ಕಳ್ಕೊಂಡ್ರೆ ಎಲ್ಲಿಗೆ ಹೋಗ್ಲಿ, ಶಿಲ್ಪಾ?"

ಅವಳು ಅತ್ತೇಬಿಟ್ಟಳು. "ನಂಗಿನ್ನೂ ಹೆದರಿಕೆ... ಹಿರಿಯರು ಹೋಗ್ಬಿಟ್ರೆ? ಇಷ್ಟಾದ್ರೂ ಪಟ್ಟಿಗೆ ಸೇರಿಸ್ದೇ ಇದ್ರೆ?"

"ನಂಗೂ ಹೆದರಿಕೆನೇ."

"ಮತ್ತೆ ನೋಡ್ತಾ ನಿಂತಿದ್ದೀರಲ್ಲ... ಕೈ ಹಿಡ್ಕೊಳ್ಳಿ ಮಾರಾಯ್ರೇ!"