ಏಳು ದಿನ ನೆಲದ ಮೇಲೆ

"ಏಳು ದಿನ ಮಂಚ ಹತ್ತಬೇಡ ಮಗಳೇ. ಬರೀ ನೆಲದ ಮೇಲೆ ಮಲಕೊ. ತಲೆ ಹತ್ರ ನುಗ್ಗೆ ರೆಂಬೆ ಇಟ್ಕೊ."

ಪೈನೆಮ್ ಅಜ್ಜಿ ಲಾಸ್ತ್ರಿಯ ಹೊಟ್ಟೆಯಿಂದ ಕೈ ತೆಗೆದಳು. ಕೊಬ್ಬರಿ ಎಣ್ಣೆ ಮೆತ್ತಿದ ಬೆರಳುಗಳನ್ನು ಬಟ್ಟೆಗೆ ಒರೆಸಿಕೊಂಡಳು. ಸುಂಬರ್‌ವಾರು ಹಳ್ಳಿಯ ಅರ್ಧ ಜನ ಆ ಕೈಯಲ್ಲೇ ಹುಟ್ಟಿದವರು.

ಲಾಸ್ತ್ರಿ ನಕ್ಕುಬಿಟ್ಟಳು. ಸುರಬಾಯಾ ನಗರದಲ್ಲಿ ಓದಿ, ಸರ್ಕಾರಿ ಸೂಲಗಿತ್ತಿಯಾಗಿ ಈ ಊರಿಗೆ ಬಂದು ಎಂಟು ತಿಂಗಳಾಗಿತ್ತು. ಸೊಂಟನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ಬಂದರೆ ಮುದುಕಿ ಮಾಟದ ಪುರಾಣ ಬಿಚ್ಚಿದ್ದಳು.

"ಹೊಟ್ಟೇಲಿ ಏನಿದೆ ಅಜ್ಜಿ? ದೆವ್ವದ ಮರಿಯಾ?"

"ನಗಬೇಡ. ನಿಂದು ಬಂಜೆ ಹೊಟ್ಟೆ ಅಲ್ಲ. ಯಾರೋ ಬೀಗ ಹಾಕ್ಸಿದಾರೆ. ಆ ಮಾಟ ಗಾಳೀಲಿ ಬರ್ತದೆ, ನೆಲ ಹಿಡಿದೋರನ್ನ ಮುಟ್ಟಲ್ಲ. ಕಳಿಸಿದೋರ ಮೇಲೇ ತಿರುಗ್ತದೆ."

"ಯಾರಪ್ಪಾ ಕಳಿಸಿದ್ದು?"

"ಮಾಟ ಮಾಡಿಸಿದೋರ ಗಂಟಲಲ್ಲಿ ನುಗ್ಗೆ ಸೊಪ್ಪು ಇಳಿಯಲ್ಲ. ನೀನೇ ನೋಡ್ಕೊ."

ಅಂದು ಬೆಳಿಗ್ಗೆ, ಕೂಸುಗಳ ತೂಕ ನೋಡುವ ದಿನ, ಲಾಸ್ತ್ರಿ ಹೆಂಗಸರ ಮುಂದೆ ಶರೀರದ ಪಟ ಹಿಡಿದು ನಿಂತಿದ್ದಳು. ಮಕ್ಕಳಾಗದಿದ್ದರೆ ತಪ್ಪು ಹೆಂಗಸಿನದೇ ಅಲ್ಲ, ಗಂಡನ ಪರೀಕ್ಷೆಯೂ ಆಗಬೇಕು ಅಂದಾಗ ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದರು.

"ಅವರನ್ನೂ ತಕ್ಕಡೀಲಿ ಕೂರಿಸ್ತೀರಾ ಅಕ್ಕಾ?" ಅಂದಳೊಬ್ಬಳು. ಮೂಲೆಯಲ್ಲಿ ಕೂಸಿಲ್ಲದೆ ಬರಿಗೈಯಲ್ಲಿ ಕೂತಿದ್ದ ತುಮಿನಿ ಮಾತ್ರ ನಗದೆ ಕೇಳಿದಳು, "ನಿಮ್ಮ ಯಜಮಾನರದ್ದು ಮಾಡ್ಸಿದೀರಾ?"

"ಮೂರು ವರ್ಷ ಆಯ್ತು. ಅವರಲ್ಲಿ ಏನೂ ದೋಷ ಇಲ್ಲ."

ಹಾಗಂತ ಅವಳ ಗಂಡ ಕುಂಚೊರೊ ಹೇಳಿದ್ದ. ಕಾಗದ ತೋರಿಸು ಎಂದು ಅವಳು ಕೇಳಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವಳು ತನ್ನ ಮನೆಯಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು. ಏಳು ವರ್ಷ, ಊರಿಂದ ಊರಿಗೆ ವರ್ಗವಾಗುತ್ತ, ಬೇರೆಯವರ ಕೂಸುಗಳ ಹೊಕ್ಕುಳಬಳ್ಳಿ ಕತ್ತರಿಸಿ, ಮನೆಗೆ ಬಂದು ಬಚ್ಚಲಲ್ಲಿ ಅತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಕೂಸು.

ಅಜ್ಜಿ ಕೊಟ್ಟ ನುಗ್ಗೆ ರೆಂಬೆಯ ಅರ್ಧ ಸೊಪ್ಪನ್ನು ಸಾರಿಗೆ ಹಾಕಿದಳು, ಮಿಕ್ಕ ರೆಂಬೆಯನ್ನು ಮಂಚದ ಕೆಳಗೆ ಎಸೆದಳು. ಸಂಜೆ ಶಾಲೆಯಲ್ಲಿ ಪಾಠ ಮುಗಿಸಿ ಬಂದ ಕುಂಚೊರೊ ಸಾರಿನ ಬಟ್ಟಲನ್ನು ಪಕ್ಕಕ್ಕೆ ತಳ್ಳಿ ಬರೀ ಹುದುಗಿಸಿದ ಸೋಯಾ ಟೆಂಪೆ ತಿಂದ.

"ಹುಳಿತೇಗು, ದಿಕ್." ಹೆಂಡತಿಯನ್ನು ಅವನು ಮುದ್ದಿನಿಂದ ದಿಕ್ ಅನ್ನುತ್ತಿದ್ದ, ಅವಳು ಅವನನ್ನು ಮಾಸ್ ಅನ್ನುತ್ತಿದ್ದಳು.

ಮೂರು ವರ್ಷದಿಂದಲೂ, ನುಗ್ಗೆ ಮಾಡಿದಾಗಲೆಲ್ಲ, ಅವನಿಗೆ ಅದೇ ಹುಳಿತೇಗು. ಲಾಸ್ತ್ರಿ ಅವನ ಗಂಟಲನ್ನೇ ನೋಡಿದಳು. ಆಮೇಲೆ ತನ್ನ ಪೆದ್ದುತನಕ್ಕೆ ತಾನೇ ನಕ್ಕು, ಅಜ್ಜಿಯ ಮಾತನ್ನೆಲ್ಲ ಹೇಳಿದಳು. ಅವನು ಇನ್ನೂ ಜೋರಾಗಿ ನಕ್ಕ. ಎದ್ದು ಹೋಗಿ ಮಂಚಕ್ಕೆ ಒಗೆದ ಹಾಸಿಗೆವಸ್ತ್ರ ಹಾಸಿದ.

"ಓದಿದವಳು ನೆಲದ ಮೇಲೆ ಮಲಗಿದ್ರೆ ಊರು ನಗ್ತದೆ. ಬಾ, ಸೊಂಟ ಒರಗಿಸು."

ಲಾಸ್ತ್ರಿ ಮಂಚ ಹತ್ತಿ ಮಲಗಿದಳು. ಮಸೀದಿಯಿಂದ ಸಂಜೆಯ ಕೂಗು ಬಂತು. ಕಿಟಕಿ ಮುಚ್ಚಿದ ಕೋಣೆ ಕಪ್ಪಾಯಿತು. ಅವನ ಲವಂಗದ ಸಿಗರೇಟಿನ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಎದ್ದಿತು. ಕೂದಲು ಸುಟ್ಟ ವಾಸನೆ. ಹೆಂಚಿನ ಮೇಲೆ ಏನೋ ದೊಪ್ಪನೆ ಬಿತ್ತು.

ಹೊಟ್ಟೆಯೊಳಗೆ ಏನೋ ಹೊರಳಿತು. ಚುಚ್ಚಿತು. ಮತ್ತೆ ಚುಚ್ಚಿತು. ತೊಡೆಗಳ ನಡುವೆ ಬಿಸಿ ರಕ್ತ. ಲಾಸ್ತ್ರಿ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ತುಕ್ಕು ಹಿಡಿದ ಸೂಜಿ.

"ಮಾಸ್! ನನ್ನನ್ನ ಕೆಳಗಿಳಿಸಿ!"

ಅವನು ಇಳಿಸಲಿಲ್ಲ. ಅವಳ ಎರಡೂ ಭುಜ ಅದುಮಿ ಹಿಡಿದ. ಅವನು ಅಳುತ್ತಿದ್ದ.

"ಸ್ವಲ್ಪ ತಡಕೊ, ದಿಕ್. ಇದೇ ಕೊನೇದು. ಇನ್ಮೇಲೆ ಮಕ್ಕಳ್ಯಾಕಿಲ್ಲ ಅಂತ ಯಾರೂ ನನ್ನ ಕೇಳಲ್ಲ."

ಬೀಗ ಹಾಕಿಸಿದವನು ಇವನೇ ಎಂದು ಅವಳಿಗೆ ಅರ್ಥವಾಯಿತು. ನೋವಿಗಿಂತ ಸಿಟ್ಟು ದೊಡ್ಡದಾಯಿತು. ಅವನ ಕೈ ಕಚ್ಚಿದಳು. ಬಾಯಿಗೆ ಮಾಂಸ ಬಂತು. ಉರುಳಿದಳು. ನೆಲ. ತಣ್ಣನೆ ನೆಲ. ಅವನು ಜಡೆ ಹಿಡಿದು ಎಳೆದ. "ಮಂಚಕ್ಕೆ ಬಾ! ಬಾ ಅಂದೆ!" ಅವಳು ಮಂಚದ ಕಾಲು ತಬ್ಬಿದಳು. ತಲೆಯ ಚರ್ಮ ಹರಿಯಿತು. ಬೆರಳಿಗೆ ರೆಂಬೆ ತಾಗಿತು. ಎತ್ತಿ ಅವನ ಮುಖಕ್ಕೆ ಬಾರಿಸಿದಳು. ಮತ್ತೆ. ಮತ್ತೆ. ಎಲೆ ತಾಗಿದಲ್ಲೆಲ್ಲ ಚರ್ಮ ಬಿರಿಯಿತು. ಬಿರುಕಿನಿಂದ ಸೂಜಿಗಳು ಹೊರಬಂದವು. ಕೆನ್ನೆಯಿಂದ. ಗಂಟಲಿಂದ. ಕಣ್ಣಿಂದ. ಅವನು ಮಂಚದ ಮೇಲೆ ಬಿದ್ದ. ಒದ್ದಾಡಿದ. ಉಸಿರು ನಿಂತಿತು.

ಜಿಲ್ಲಾ ಆಸ್ಪತ್ರೆಯವರು ಲಾಸ್ತ್ರಿಯ ಗರ್ಭಕೋಶ ತೆಗೆದು ಅವಳನ್ನು ಉಳಿಸಿದರು. ಅದರೊಳಗೆ ಅವಳದೇ ಕೂದಲಿಂದ ಬಿಗಿದ, ಮೇಣ ಬಳಿದ ಒಂದು ಕಾಗದದ ಸುರುಳಿ ಇತ್ತು. ಮೂರು ವರ್ಷದ ಹಿಂದಿನ ಪರೀಕ್ಷೆಯ ವರದಿ. ಕುಂಚೊರೊನ ಹೆಸರು. ವೀರ್ಯಾಣು: ಸೊನ್ನೆ. ಇದನ್ನು ತೋರಿಸಿದ್ದರೆ ಇಬ್ಬರೂ ಕೂಡಿ ಅತ್ತು, ಒಂದು ಅನಾಥ ಕೂಸನ್ನು ತಂದು ಸಾಕಬಹುದಿತ್ತು. ಆ ಯೋಚನೆಗೇ ಅವಳು ಹೆಚ್ಚು ಅತ್ತಳು.

ಎರಡು ತಿಂಗಳ ನಂತರ ತೂಕದ ದಿನ ಲಾಸ್ತ್ರಿ ಪಟ ತರಲಿಲ್ಲ. ಆ ಕಾಗದ ತಂದಳು. ಹೆಂಗಸರ ಕೈಯಿಂದ ಕೈಗೆ ಅದು ಹೋಯಿತು. ಈ ಸಲ ಯಾರೂ ನಗಲಿಲ್ಲ.

"ಗಂಡ ಪರೀಕ್ಷೆ ಆಯ್ತು ಅಂದ್ರೆ ನಂಬಬೇಡಿ. ಕಾಗದ ಕೇಳಿ," ಅಂದಳು.

ಎಲ್ಲರೂ ಎದ್ದು ಹೋದರು. ತುಮಿನಿ ಮಾತ್ರ ಹೋಗಲಿಲ್ಲ. ಎರಡೂ ಕೈ ಕಿಬ್ಬೊಟ್ಟೆಗೆ ಒತ್ತಿಕೊಂಡು ಕೂತಿದ್ದಳು. ಅವಳು ಉಟ್ಟ ಬಟ್ಟೆಯ ಮೇಲೆ ಕೆಂಪು ಹನಿಯೊಂದು ಹರಡುತ್ತಿತ್ತು.

"ಅಕ್ಕಾ," ಅಂದಳು ಮೆಲ್ಲಗೆ, "ನಮ್ಮನೆಯವರು ನುಗ್ಗೆ ಸೊಪ್ಪು ಮುಟ್ಟೋದೇ ಇಲ್ಲ."